ಎಂಪಿ ಸ್ಥಾನ ಬಿಟ್ಟು ಪ್ರಾಂತ್ಯಕ್ಕೆ ಬಂದದ್ದು ಹಿಂಬಡ್ತಿಯೇ? ಟಾಮಿ ಡಗ್ಲಸ್ ಬಗ್ಗೆ ಒಂದು ಉತ್ತರ

ಪ್ರಶ್ನೆ: ನನ್ನ ಮಗಳು, ಅಳಿಯ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿದ್ದಾರೆ. ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಹೆರಿಗೆಗೆ ಆಸ್ಪತ್ರೆಯವರು ಬಿಲ್ಲೇ ಕೊಡಲಿಲ್ಲ. ಆಶ್ಚರ್ಯಪಟ್ಟು ಕೇಳಿದರೆ ಅಲ್ಲಿಯವರು "ಟಾಮಿ ಡಗ್ಲಸ್" ಎಂದರು. ಆತ ಮೊದಲು ದೇಶದ ರಾಜಧಾನಿ ಒಟ್ಟಾವಾದಲ್ಲಿ ಎಂಪಿ, ಆಮೇಲೆ ಪ್ರಾಂತ್ಯದ ಮುಖ್ಯಮಂತ್ರಿ, ಕೊನೆಗೆ ಮತ್ತೆ ಎಂಪಿ ಆಗಿದ್ದನಂತೆ. ನಮ್ಮಲ್ಲಿ ಎಂಪಿ ಆದವರು ಮತ್ತೆ ವಿಧಾನಸಭೆಗೆ ನಿಂತರೆ "ಹಿಂಬಡ್ತಿ" ಅನ್ನುತ್ತೇವೆ. ಅಲ್ಲಿ ಹೇಗೆ? ಎರಡೂ ಕಡೆ ಒಟ್ಟಿಗೆ ಇರಬಹುದೇ? ಇಷ್ಟು ಒಳ್ಳೆಯ ಹೆಸರಿದ್ದವನು ಪ್ರಧಾನಿ ಯಾಕೆ ಆಗಲಿಲ್ಲ? ಮಗಳಿಗೆ ಏನಾದರೂ ತೊಂದರೆ ಬಂದರೆ ಇಬ್ಬರಲ್ಲಿ ಯಾರ ಬಳಿ ಹೋಗಬೇಕು?

ಉತ್ತರ: ಮೊದಲು ಮೊಮ್ಮಗುವಿಗೆ ನನ್ನ ಆಶೀರ್ವಾದ ತಿಳಿಸಿ.

ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಹೇಳಿಬಿಡುತ್ತೇನೆ. ಡಗ್ಲಸ್ ಮಾಡಿದ ದೊಡ್ಡ ಕೆಲಸ ಶುರುವಾದದ್ದೇ ಅವರು ಎಂಪಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟ ದಿನ. ಅವರು ಒಟ್ಟಾವಾದಲ್ಲಿ ಒಂದು ದಿನವೂ ಮಂತ್ರಿಯಾಗಲಿಲ್ಲ. ಆದರೂ ಇಡೀ ಕೆನಡಾದಲ್ಲಿ ಇವತ್ತು ಡಾಕ್ಟರ ಹತ್ತಿರ ಹೋದವರು ಪರ್ಸ್ ತೆಗೆಯುವುದಿಲ್ಲ. ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಆ ದೇಶದಲ್ಲಿ ಅಧಿಕಾರ ಎಲ್ಲಿದೆ, ದುಡ್ಡು ಎಲ್ಲಿದೆ ಎಂದು ನೋಡಬೇಕು.

ಕೆನಡಾದ 1867ರ ಸಂವಿಧಾನ ಆಸ್ಪತ್ರೆಗಳನ್ನು ಪ್ರಾಂತ್ಯಗಳ ಕೈಗೆ ಕೊಟ್ಟಿತು. ಶಾಲೆ, ಭೂಮಿ, ಕಾಡು, ಊರಾಡಳಿತ ಎಲ್ಲ ಅವರದೇ. ಆ ಕಾಲಕ್ಕೆ ಆಸ್ಪತ್ರೆ ಎಂದರೆ ಚರ್ಚಿನವರೋ ದಾನಿಗಳೋ ನಡೆಸುವ ಸಂಸ್ಥೆ. ಸರ್ಕಾರಕ್ಕೆ ಅದರಿಂದ ದೊಡ್ಡ ಖರ್ಚಿರಲಿಲ್ಲ. ಇವತ್ತು ಯಾವ ಪ್ರಾಂತ್ಯದ ಬಜೆಟ್ ತೆಗೆದು ನೋಡಿದರೂ ಎಲ್ಲಕ್ಕಿಂತ ದೊಡ್ಡ ಬಾಬ್ತು ಆರೋಗ್ಯದ್ದೇ. ತೆರಿಗೆಯ ವಿಷಯದಲ್ಲಿ ಮಾತ್ರ ಒಟ್ಟಾವಾದ ಕೈ ಮೇಲು. ಕೇಂದ್ರ ಯಾವ ಬಗೆಯ ತೆರಿಗೆಯನ್ನಾದರೂ ಹಾಕಬಹುದು. ಪ್ರಾಂತ್ಯಗಳಿಗೆ ನೇರ ತೆರಿಗೆಗಳಷ್ಟೇ. ಹಾಗಾಗಿ ಆಸ್ಪತ್ರೆ ನಡೆಸುವ ಅಧಿಕಾರ ಒಬ್ಬರಲ್ಲಿ, ಅದಕ್ಕೆ ಬೇಕಾದ ದೊಡ್ಡ ಗಂಟು ಇನ್ನೊಬ್ಬರಲ್ಲಿ. ಡಗ್ಲಸ್ ಅವರ ರಾಜಕೀಯ ಜೀವನವೆಲ್ಲ ಈ ಎರಡರ ನಡುವೆಯೇ ನಡೆಯಿತು.

ಅವರು ಹುಟ್ಟಿದ್ದು 1904ರಲ್ಲಿ, ಸ್ಕಾಟ್ಲೆಂಡಿನ ಫಾಲ್‌ಕರ್ಕ್‌ನಲ್ಲಿ. ಚಿಕ್ಕವರಿದ್ದಾಗಲೇ ಮನೆಯವರು ಕೆನಡಾದ ವಿನಿಪೆಗ್‌ಗೆ ಬಂದರು. ಹುಡುಗನ ಮಂಡಿಯ ಮೂಳೆಗೆ ಸೋಂಕು ತಗುಲಿತು. ಕಾಲು ಕತ್ತರಿಸಬೇಕು ಎನ್ನುವ ಮಟ್ಟಕ್ಕೆ ಹೋಯಿತು. ಅಷ್ಟರಲ್ಲಿ ಒಬ್ಬ ಹೆಸರಾಂತ ಮೂಳೆ ತಜ್ಞ, "ನನ್ನ ವಿದ್ಯಾರ್ಥಿಗಳು ನೋಡಿ ಕಲಿಯಲು ಒಪ್ಪಿದರೆ ಫೀಸ್ ಇಲ್ಲದೆ ಆಪರೇಷನ್ ಮಾಡುತ್ತೇನೆ" ಎಂದರು. ಕಾಲು ಉಳಿಯಿತು. ಮುಂದೆ ಅದೇ ಕಾಲಿನ ಮೇಲೆ ನಿಂತು ಡಗ್ಲಸ್ ಮ್ಯಾನಿಟೋಬಾದ ಲೈಟ್‌ವೇಟ್ ಬಾಕ್ಸಿಂಗ್ ಪ್ರಶಸ್ತಿಯನ್ನೂ ಗೆದ್ದರು. ಆದರೆ ಅವರ ಮನಸ್ಸಿನಲ್ಲಿ ಉಳಿದದ್ದು ಬೇರೆ ಮಾತು. ಒಬ್ಬ ಡಾಕ್ಟರಿಗೆ ಕರುಣೆ ಬಂದದ್ದರಿಂದ ನನ್ನ ಕಾಲು ಉಳಿಯಿತು, ಯಾರಿಗೂ ಕರುಣೆ ಬಾರದಿದ್ದರೆ?

1930ರಲ್ಲಿ ಅವರು ಸಸ್ಕಾಚೆವಾನ್‌ನ ವೇಬರ್ನ್ ಎಂಬ ಸಣ್ಣ ಊರಿಗೆ ಬ್ಯಾಪ್ಟಿಸ್ಟ್ ಪಾದ್ರಿಯಾಗಿ ಬಂದರು. ಬಂದ ಹೊತ್ತು ಸರಿಯಿರಲಿಲ್ಲ. ಗೋಧಿಯ ಬೆಲೆ ನೆಲಕಚ್ಚಿತ್ತು. ಮೇಲಿಂದ ಬರ. ಗಾಳಿ ಹೊಲದ ಮಣ್ಣನ್ನೇ ಎತ್ತಿಕೊಂಡು ಹೋಗುತ್ತಿತ್ತು. ಸಕಾಲಕ್ಕೆ ಚಿಕಿತ್ಸೆ ಸಿಗದೆ ಸತ್ತವರ ಅಂತ್ಯಕ್ರಿಯೆಯನ್ನು ಪಾದ್ರಿಯಾಗಿ ತಾನೇ ಮಾಡಬೇಕಾಯಿತು ಎಂದು ಅವರು ಮುಂದೆ ಹಲವು ಸಲ ಹೇಳಿದ್ದಾರೆ. 1932ರಲ್ಲಿ ರೈತರು, ಕಾರ್ಮಿಕರು, ಸಮಾಜವಾದಿಗಳು ಸೇರಿ ಸಿಸಿಎಫ್ ಎಂಬ ಪಕ್ಷ ಕಟ್ಟಿದರು. ಡಗ್ಲಸ್ ಅದನ್ನು ಸೇರಿದರು.

ಅವರು ಮೊದಲು ನಿಂತದ್ದು ಪ್ರಾಂತ್ಯದ ಚುನಾವಣೆಗೇ, 1934ರಲ್ಲಿ. ಸೋತರು. ಮರುವರ್ಷ ಸಂಸತ್ತಿಗೆ ನಿಂತು ಗೆದ್ದರು. ಆ ಸಲ ಸಿಸಿಎಫ್‌ನಿಂದ ಗೆದ್ದವರು ಬರೀ 7 ಜನ. ಹೀಗಾಗಿ 1935ರಿಂದ 1944ರವರೆಗೆ ಒಟ್ಟಾವಾದಲ್ಲಿ ಅವರು ಮಾಡಲು ಸಾಧ್ಯವಿದ್ದದ್ದು ಒಂದೇ ಕೆಲಸ, ಮಾತಾಡುವುದು. ಅದನ್ನು ಚೆನ್ನಾಗಿಯೇ ಮಾಡಿದರು. ಸದನದ ನಿಯಮ ಕಲಿತರು. ಇಲಾಖೆಗಳು ಹೇಗೆ ನಡೆಯುತ್ತವೆ, ಕಡತ ಎಲ್ಲಿ ನಿಲ್ಲುತ್ತದೆ ಎಂದು ಹತ್ತಿರದಿಂದ ನೋಡಿದರು. ಆದರೆ ವೇಬರ್ನ್‌ನ ಒಬ್ಬ ರೋಗಿಗೂ ಅಲ್ಲಿಂದ ಔಷಧಿ ಕೊಡಿಸುವ ಅಧಿಕಾರ ಅವರಿಗಿರಲಿಲ್ಲ.

ಅವರ ಬದುಕಿನ ಒಂದು ಕಹಿ ಸಂಗತಿಯನ್ನೂ ಇಲ್ಲೇ ಹೇಳಬೇಕು. ಹೊಗಳುವವರು ಸಾಮಾನ್ಯವಾಗಿ ಇದನ್ನು ದಾಟಿಸಿಬಿಡುತ್ತಾರೆ. 1933ರಲ್ಲಿ ಅವರು ಎಂ.ಎ. ಪದವಿಗೆ ಬರೆದ ಪ್ರಬಂಧದಲ್ಲಿ ಬುದ್ಧಿಮಾಂದ್ಯರು ಎನಿಸಿಕೊಂಡವರಿಗೆ ಸಂತಾನಹರಣ ಮಾಡಬೇಕು ಎಂಬ ವಾದವಿದೆ. ಆ ಕಾಲದಲ್ಲಿ ಓದಿದವರೆಷ್ಟೋ ಜನ ಒಪ್ಪಿದ್ದ ವಿಚಾರ ಅದು. ಆದರೂ ತಪ್ಪು ತಪ್ಪೇ. 1936ರಲ್ಲಿ ಅವರು ನಾಜಿ ಜರ್ಮನಿಯನ್ನು ಕಣ್ಣಾರೆ ಕಂಡು ಬಂದರು. ಆಮೇಲೆ ಆ ವಾದವನ್ನು ಎತ್ತಲಿಲ್ಲ. ಮುಂದೆ ಮುಖ್ಯಮಂತ್ರಿಯಾಗಿ ಅಧಿಕಾರ ಕೈಯಲ್ಲಿದ್ದಾಗ ಅಂಥ ಕಾನೂನು ತರಬೇಕೆಂಬ ಸಲಹೆ ಬಂದರೂ ಒಪ್ಪಲಿಲ್ಲ. ಪಕ್ಕದ ಆಲ್ಬರ್ಟಾದಲ್ಲಿ ಅಂಥ ಕಾನೂನು 1928ರಿಂದ 1972ರವರೆಗೆ ಜಾರಿಯಲ್ಲಿತ್ತು.

ಈಗ 1944ಕ್ಕೆ ಬರೋಣ. ಡಗ್ಲಸ್ ಅಷ್ಟು ಹೊತ್ತಿಗೆ ಪ್ರಾಂತ್ಯದ ಸಿಸಿಎಫ್ ನಾಯಕರಾಗಿದ್ದರು. ಜೂನ್ ತಿಂಗಳ ಮೊದಲಲ್ಲಿ ಎಂಪಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಜೂನ್ 15ರಂದು ಮತದಾನ. ಸಿಸಿಎಫ್‌ಗೆ 47 ಸ್ಥಾನ ಬಂತು. ವಿರೋಧ ಪಕ್ಷಕ್ಕೆ ಉಳಿದದ್ದು ಬೆರಳೆಣಿಕೆಯಷ್ಟು. ಉತ್ತರ ಅಮೆರಿಕದಲ್ಲಿ ಸಮಾಜವಾದಿ ಪಕ್ಷವೊಂದು ಸರ್ಕಾರ ಮಾಡಿದ್ದು ಅದೇ ಮೊದಲು. ಅಲ್ಲಿಂದ ಸತತವಾಗಿ ಐದು ಚುನಾವಣೆ ಗೆದ್ದು, 1961ರವರೆಗೆ 17 ವರ್ಷ ಅವರೇ ಮುಖ್ಯಮಂತ್ರಿ.

ಆರೋಗ್ಯ ಖಾತೆಯನ್ನು ಮೊದಲ ಕೆಲವು ವರ್ಷ ತಮ್ಮಲ್ಲೇ ಇಟ್ಟುಕೊಂಡರು. ಗೆದ್ದ ವರ್ಷವೇ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಿಂದ ಹೆನ್ರಿ ಸಿಗರಿಸ್ಟ್ ಎಂಬ ತಜ್ಞರನ್ನು ಕರೆಸಿ, ಪ್ರಾಂತ್ಯ ಸುತ್ತಿಸಿ, ವರದಿ ತರಿಸಿಕೊಂಡರು. ಪಿಂಚಣಿದಾರರಿಗೆ, ವಿಧವೆಯರಿಗೆ ಉಚಿತ ಚಿಕಿತ್ಸೆ ಶುರುವಾಯಿತು. 1946ರಲ್ಲಿ ಸ್ವಿಫ್ಟ್ ಕರೆಂಟ್ ಎಂಬ ಊರಿನ ಸುತ್ತಲ ಪ್ರದೇಶದಲ್ಲಿ ಡಾಕ್ಟರ ಫೀಸನ್ನೂ ಸಾರ್ವಜನಿಕ ಹಣದಿಂದಲೇ ಕೊಡುವ ಪ್ರಯೋಗ ನಡೆಯಿತು. 1947ರ ಜನವರಿ 1ರಿಂದ ಇಡೀ ಪ್ರಾಂತ್ಯಕ್ಕೆ ಆಸ್ಪತ್ರೆ ವಿಮೆ ಬಂತು. ತಲೆಗೆ ವರ್ಷಕ್ಕೆ 5 ಡಾಲರ್. ಮನೆಯಲ್ಲಿ ಎಷ್ಟೇ ಜನರಿದ್ದರೂ 30 ಡಾಲರ್ ದಾಟುವ ಹಾಗಿಲ್ಲ. ಅಷ್ಟು ಕಟ್ಟಿದರೆ ಆಸ್ಪತ್ರೆಯ ಖರ್ಚು ಸರ್ಕಾರದ್ದು.

ಡಗ್ಲಸ್ ಎಂದರೆ ಬರೀ ಆಸ್ಪತ್ರೆ ಅಂದುಕೊಳ್ಳಬೇಡಿ. ಸರ್ಕಾರಿ ವಾಹನ ವಿಮೆ, ಸರ್ಕಾರಿ ಬಸ್ಸು, ಹಳ್ಳಿಗಳ ತೋಟದ ಮನೆಗಳಿಗೆ ಕರೆಂಟು, 1947ರ ಹಕ್ಕುಗಳ ಕಾಯಿದೆ, ಎಲ್ಲ ಆ ಕಾಲದ್ದೇ. ಒಂದು ಮಾತು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಸಮಾಜವಾದಿ ಅಂದರೆ ಸಾಲ ಮಾಡಿ ಹಂಚುವವರು ಎಂಬ ಮಾತು ಅಲ್ಲೂ ಇತ್ತು. ಡಗ್ಲಸ್ ತದ್ವಿರುದ್ಧ. ಪ್ರಾಂತ್ಯದ ಹಳೆಯ ಸಾಲ ತೀರಿಸಿದರು. ಬ್ಯಾಂಕಿನವರ ಹಂಗಿನಲ್ಲಿ ಇರುವ ಸರ್ಕಾರ ಜನರ ಕೆಲಸ ಮಾಡಲಾರದು ಎಂಬುದು ಅವರ ನಂಬಿಕೆ. ಡಾಕ್ಟರ ಫೀಸಿನ ಯೋಜನೆಯನ್ನು ಮೊದಲ ವರ್ಷವೇ ತರದೆ ಇಷ್ಟು ಕಾದದ್ದಕ್ಕೂ ಅದೇ ಕಾರಣ. ಕೈಯಲ್ಲಿ ಕಾಸಿರಲಿಲ್ಲ.

ಕಾಸು ಬಂದದ್ದು ಒಟ್ಟಾವಾದಿಂದ. ಸಸ್ಕಾಚೆವಾನ್‌ನ ಆಸ್ಪತ್ರೆ ವಿಮೆ ಹತ್ತು ವರ್ಷ ಚೆನ್ನಾಗಿ ನಡೆದದ್ದನ್ನು ಎಲ್ಲರೂ ನೋಡಿದ್ದರು. ಬೇರೆ ಪ್ರಾಂತ್ಯಗಳೂ ಶುರು ಮಾಡಿದ್ದವು. 1957ರಲ್ಲಿ ಕೇಂದ್ರ ಒಂದು ಕಾನೂನು ತಂದಿತು. ಯಾವ ಪ್ರಾಂತ್ಯ ಆಸ್ಪತ್ರೆ ವಿಮೆ ನಡೆಸುತ್ತದೋ ಅದರ ಖರ್ಚಿನಲ್ಲಿ ಹತ್ತಿರ ಹತ್ತಿರ ಅರ್ಧ ನಾವು ಕೊಡುತ್ತೇವೆ ಎಂದಿತು. ಸಸ್ಕಾಚೆವಾನ್ ಅಲ್ಲಿಯವರೆಗೆ ಪೂರ್ತಿ ತನ್ನ ಜೇಬಿನಿಂದಲೇ ಕೊಡುತ್ತಿತ್ತು. ಈಗ ಅರ್ಧ ಹಣ ಉಳಿಯಿತು. ಆ ಉಳಿದ ಹಣವನ್ನು ನಂಬಿಕೊಂಡು ಡಗ್ಲಸ್ 1959ರಲ್ಲಿ ಮುಂದಿನ ಹೆಜ್ಜೆ ಘೋಷಿಸಿದರು. ಆಸ್ಪತ್ರೆಯ ಹಾಸಿಗೆ ಮಾತ್ರವಲ್ಲ, ಡಾಕ್ಟರ ಫೀಸೂ ಸರ್ಕಾರದ್ದು ಎಂದರು. 1960ರ ಚುನಾವಣೆಯನ್ನು ಇದೇ ವಿಷಯದ ಮೇಲೆ ಎದುರಿಸಿ ಗೆದ್ದರು.

ಇದನ್ನು ನಿಮ್ಮ ಪ್ರಶ್ನೆಯ ಪಕ್ಕದಲ್ಲಿಟ್ಟು ನೋಡಿ. ಪ್ರಾಂತ್ಯ ಮೊದಲು ಮಾಡಿ ತೋರಿಸುತ್ತದೆ. ಕೇಂದ್ರ ಆಮೇಲೆ ದುಡ್ಡು ಹಾಕುತ್ತದೆ. ಆ ದುಡ್ಡಿನಿಂದ ಪ್ರಾಂತ್ಯ ಇನ್ನೊಂದು ಹೆಜ್ಜೆ ಮುಂದಿಡುತ್ತದೆ. 1944ರಲ್ಲಿ ಡಗ್ಲಸ್ "ನಾನು ಎಂಪಿ, ಕೆಳಗಿಳಿಯುವುದಿಲ್ಲ" ಎಂದು ಕೂತಿದ್ದರೆ ಮೊದಲ ಹೆಜ್ಜೆಯೇ ಬೀಳುತ್ತಿರಲಿಲ್ಲ. ಮಾತಾಡುವ ಜಾಗದಿಂದ ಮಾಡುವ ಜಾಗಕ್ಕೆ ಅವರು ಹೋದರು. ಇದಕ್ಕೆ ಹಿಂಬಡ್ತಿ ಅನ್ನೋಕಾಗುತ್ತಾ?

ಆದರೆ 1961ರಲ್ಲಿ ಅವರು ಮತ್ತೆ ಒಟ್ಟಾವಾದತ್ತ ಹೊರಟರು. ಸಿಸಿಎಫ್ ಮತ್ತು ಕಾರ್ಮಿಕ ಸಂಘಟನೆಗಳು ಸೇರಿ ಎನ್‌ಡಿಪಿ ಎಂಬ ಹೊಸ ಪಕ್ಷ ಮಾಡಿದವು. ಆಗಸ್ಟ್‌ನಲ್ಲಿ ಡಗ್ಲಸ್ ಅದರ ಮೊದಲ ರಾಷ್ಟ್ರೀಯ ನಾಯಕರಾದರು. ನವೆಂಬರ್‌ನಲ್ಲಿ ಮುಖ್ಯಮಂತ್ರಿ ಹುದ್ದೆ ಬಿಟ್ಟರು. ವೈದ್ಯಕೀಯ ವಿಮೆಯ ಕಾನೂನು ಪಾಸಾದದ್ದೂ ಅದೇ ನವೆಂಬರ್‌ನಲ್ಲಿ. ಜಾರಿ ಮಾಡುವ ಹೊಣೆ ಅವರ ನಂತರ ಬಂದ ವುಡ್ರೋ ಲಾಯ್ಡ್ ಅವರ ಹೆಗಲಿಗೆ ಬಿತ್ತು.

ಲಾಯ್ಡ್ ಬಗ್ಗೆ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಹೇಳಬೇಕಿತ್ತು. 1962ರ ಜುಲೈ 1ರಂದು ಯೋಜನೆ ಜಾರಿಗೆ ಬಂದ ದಿನವೇ ಪ್ರಾಂತ್ಯದ ಹೆಚ್ಚಿನ ಡಾಕ್ಟರರು ಬಾಗಿಲು ಹಾಕಿದರು. ಇದು ಡಾಕ್ಟರನ್ನು ಸರ್ಕಾರಿ ಆಳು ಮಾಡುವ ಯೋಜನೆ ಎಂಬುದು ಅವರ ಆರೋಪ. ತುರ್ತು ಚಿಕಿತ್ಸೆಗೆ ಕೆಲವೇ ಆಸ್ಪತ್ರೆ ತೆರೆದಿದ್ದವು. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಬಂದರು. "ನಮ್ಮ ಡಾಕ್ಟರನ್ನು ಉಳಿಸಿಕೊಡಿ" ಎಂದು ಊರೂರಲ್ಲಿ ಸಭೆಗಳಾದವು. ಪ್ರಾಂತ್ಯದ ರಾಜಧಾನಿ ರಿಜೈನಾದ ವಿಧಾನಸಭೆಯ ಮುಂದೆ ಜನ ಸೇರಿದರು. ಸರ್ಕಾರ ಬ್ರಿಟನ್ನಿನಿಂದ ಡಾಕ್ಟರರನ್ನು ಕರೆಸಿತು. ಅಲ್ಲಿಂದಲೇ ಬಂದ ಲಾರ್ಡ್ ಟೇಲರ್ ಎಂಬ ವೈದ್ಯರು ನಡುವೆ ನಿಂತು ರಾಜಿ ಮಾಡಿಸಿದರು. 23 ದಿನದ ಮೇಲೆ ಸಸ್ಕಟೂನ್‌ನಲ್ಲಿ ಒಪ್ಪಂದವಾಯಿತು. ಡಾಕ್ಟರರು ತಮ್ಮ ಸ್ವಂತ ಕ್ಲಿನಿಕ್ ಇಟ್ಟುಕೊಳ್ಳಬಹುದು, ಹಣ ಮಾತ್ರ ಸರ್ಕಾರಿ ವಿಮೆಯಿಂದ ಎಂದಾಯಿತು. ನಿಮ್ಮ ಮಗಳ ಡಾಕ್ಟರೂ ಬಹುತೇಕ ಸರ್ಕಾರಿ ನೌಕರರಲ್ಲ. ಅವರಿಗೆ ಹಣ ಬರುವುದು ಮಾತ್ರ ಪ್ರಾಂತ್ಯದಿಂದ.

ಲಾಯ್ಡ್ ಆ ಮೂರು ವಾರ ಬಗ್ಗಲಿಲ್ಲ. 1964ರ ಚುನಾವಣೆಯಲ್ಲಿ ಅಧಿಕಾರ ಕಳೆದುಕೊಂಡರು. ಡಗ್ಲಸ್ ಕನಸು ಕಂಡರು, ದುಡ್ಡು ಹೊಂದಿಸಿದರು, ಕಾನೂನು ಬರೆಸಿದರು. ಏಟು ತಿಂದವರು ಲಾಯ್ಡ್. ಆ ಹೊತ್ತಿನಲ್ಲಿ ಡಗ್ಲಸ್ ಪ್ರಾಂತ್ಯ ಬಿಟ್ಟು ಹೋದದ್ದು ಸರಿಯೇ ಎಂದು ಕೇಳಿದರೆ, ಇನ್ನೊಂದು ವರ್ಷ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಹೋದರೂ ಅವರು ಏಟು ತಪ್ಪಿಸಿಕೊಳ್ಳಲಿಲ್ಲ ಎನ್ನುವುದೂ ನಿಜ. ಜೂನ್ 1962ರ ಸಂಸತ್ ಚುನಾವಣೆಯಲ್ಲಿ ರಿಜೈನಾದಲ್ಲಿ ನಿಂತರು. ಆಗ ಊರೆಲ್ಲ ಡಾಕ್ಟರರ ಪರವಾಗಿ ಕುದಿಯುತ್ತಿತ್ತು. 17 ವರ್ಷ ಮುಖ್ಯಮಂತ್ರಿಯಾಗಿದ್ದವರನ್ನು ಅದೇ ರಾಜಧಾನಿಯ ಜನ ಸೋಲಿಸಿದರು. ಬ್ರಿಟಿಷ್ ಕೊಲಂಬಿಯಾದಲ್ಲಿ ಅವರ ಪಕ್ಷದ ಎಂಪಿಯೊಬ್ಬರು ಸ್ಥಾನ ತೆರವು ಮಾಡಿಕೊಟ್ಟರು. ಉಪಚುನಾವಣೆಯಲ್ಲಿ ಗೆದ್ದು ಒಟ್ಟಾವಾ ತಲುಪಿದರು. 1968ರಲ್ಲಿ ಮತ್ತೆ ಸೋಲು, 1969ರಲ್ಲಿ ವ್ಯಾಂಕೂವರ್ ದ್ವೀಪದ ಕಡೆಯಿಂದ ಮತ್ತೆ ಉಪಚುನಾವಣೆ, ಮತ್ತೆ ಗೆಲುವು. 1979ರವರೆಗೆ ಎಂಪಿಯಾಗಿದ್ದರು.

ಈ ಎರಡನೇ ಒಟ್ಟಾವಾ ಕಾಲ ಮೊದಲಿನದರ ಹಾಗಿರಲಿಲ್ಲ. ಈಗ ಅವರು ಹೀಗೆ ಮಾಡಬಹುದು ಎಂದು ವಾದಿಸಬೇಕಾಗಿರಲಿಲ್ಲ. ಮಾಡಿ ಬಂದಿದ್ದರು. ಪ್ರಧಾನಿ ಲೆಸ್ಟರ್ ಪಿಯರ್ಸನ್ ಅವರ ಲಿಬರಲ್ ಸರ್ಕಾರಕ್ಕೆ ಸ್ವಂತ ಬಹುಮತವಿರಲಿಲ್ಲ. ನ್ಯಾಯಮೂರ್ತಿ ಎಮೆಟ್ ಹಾಲ್ ಆಯೋಗ 1964ರಲ್ಲಿ ಸಸ್ಕಾಚೆವಾನ್ ಮಾದರಿ ಇಡೀ ದೇಶಕ್ಕೆ ಬೇಕು ಎಂದಿತು. ಹಾಲ್ ಸ್ವತಃ ಕನ್ಸರ್ವೇಟಿವ್ ಒಲವಿನವರು, ಅವರನ್ನು ನೇಮಿಸಿದ್ದೂ ಕನ್ಸರ್ವೇಟಿವ್ ಪ್ರಧಾನಿ ಡೀಫನ್‌ಬೇಕರ್. 1966ರ ಡಿಸೆಂಬರ್‌ನಲ್ಲಿ ಅದಕ್ಕಾಗಿ ತಂದ ಮಸೂದೆ 177–2 ಮತಗಳಿಂದ ಪಾಸಾಯಿತು. 1968ರ ಜುಲೈ 1ರಿಂದ ಜಾರಿ. 1972ರ ಹೊತ್ತಿಗೆ ಎಲ್ಲ ಪ್ರಾಂತ್ಯಗಳೂ ಸೇರಿದ್ದವು. ಆದ್ದರಿಂದ ಎಲ್ಲ ಶ್ರೇಯಸ್ಸನ್ನೂ ಡಗ್ಲಸ್ ಒಬ್ಬರಿಗೇ ಕೊಡುವುದು ತಪ್ಪು. ಪಿಯರ್ಸನ್, ಹಾಲ್, ಲಾಯ್ಡ್ ಇಲ್ಲದೆ ಇದು ಆಗುತ್ತಿರಲಿಲ್ಲ. ಆದರೆ ಅಷ್ಟೂ ಜನ ಬೆರಳು ಮಾಡಿ ತೋರಿಸಿದ್ದು ಒಂದೇ ಪ್ರಾಂತ್ಯವನ್ನು.

ಇನ್ನೊಂದು ಘಟನೆ. 1970ರ ಅಕ್ಟೋಬರ್‌ನಲ್ಲಿ ಕ್ವಿಬೆಕ್‌ನ ಉಗ್ರರು ಇಬ್ಬರನ್ನು ಅಪಹರಿಸಿದಾಗ ಪ್ರಧಾನಿ ಪಿಯರ್ ಟ್ರುಡೊ ಯುದ್ಧಕಾಲದ ತುರ್ತು ಕಾನೂನು ಹೇರಿದರು. ವಾರಂಟ್ ಇಲ್ಲದೆ ನೂರಾರು ಜನರ ಬಂಧನವಾಯಿತು. ದೇಶದ ಬಹುಪಾಲು ಜನ ಟ್ರುಡೊ ಪರವಾಗಿದ್ದರು. ಡಗ್ಲಸ್ ಸದನದಲ್ಲಿ ಎದ್ದು ನಿಂತು ವಿರೋಧಿಸಿದರು. ಆ ದಿನಗಳಲ್ಲಿ ಅವರಿಗೆ ಸಿಕ್ಕಿದ್ದು ಬರೀ ಬೈಗುಳ. ಅವರು ಸರಿಯಿದ್ದರು ಎಂದು ಜನ ಒಪ್ಪಿದ್ದು ಎಷ್ಟೋ ವರ್ಷಗಳ ಮೇಲೆ. ಪ್ರಾಂತ್ಯದಲ್ಲಿ 1947ರಲ್ಲೇ ಹಕ್ಕುಗಳ ಕಾಯಿದೆ ತಂದವರು ಬೇರೆ ಹೇಗೆ ನಡೆದುಕೊಂಡಾರು?

ಎರಡೂ ಕಡೆ ಒಟ್ಟಿಗೆ ಇರಬಹುದೇ ಎಂದು ಕೇಳಿದಿರಿ. ಶುರುವಿನ ಕೆಲವು ವರ್ಷ ಇರಬಹುದಿತ್ತು. 1867ರಲ್ಲಿ ಒಂಟಾರಿಯೊದ ಮೊದಲ ಮುಖ್ಯಮಂತ್ರಿಯೂ, ಕ್ವಿಬೆಕ್‌ನ ಮೊದಲ ಮುಖ್ಯಮಂತ್ರಿಯೂ ಅದೇ ಹೊತ್ತಿಗೆ ಸಂಸತ್ತಿನಲ್ಲೂ ಕೂತಿದ್ದರು. 1873ರಲ್ಲಿ ಕೇಂದ್ರವೇ ಕಾನೂನು ಮಾಡಿ ಅದನ್ನು ನಿಲ್ಲಿಸಿತು. ಇವತ್ತಿನ ನಿಯಮ ನಮ್ಮದಕ್ಕಿಂತ ಬಿಗಿ. ನಮ್ಮಲ್ಲಿ ಶಾಸಕರಾಗಿದ್ದುಕೊಂಡೇ ಲೋಕಸಭೆಗೆ ನಿಲ್ಲಬಹುದು. ಗೆದ್ದರೆ 14 ದಿನದೊಳಗೆ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಡಬೇಕು. ಕೊಡದಿದ್ದರೆ ಸಂಸತ್ತಿನ ಸ್ಥಾನ ಹೋಗುತ್ತದೆ. ಸೋತರೆ ಸುಮ್ನೆ ಹಳೆಯ ಕುರ್ಚಿಗೆ ಮರಳಬಹುದು. ಕೆನಡಾದಲ್ಲಿ ಪ್ರಾಂತ್ಯದ ಶಾಸಕರು ಸಂಸತ್ತಿಗೆ ಅಭ್ಯರ್ಥಿಯಾಗುವ ಹಾಗೇ ಇಲ್ಲ. ಮೊದಲು ರಾಜೀನಾಮೆ, ಆಮೇಲೆ ನಾಮಪತ್ರ. ಸೋತರೆ ಅದೂ ಇಲ್ಲ, ಇದೂ ಇಲ್ಲ. ಈ ಬಿಗಿ ನಮ್ಮಲ್ಲೂ ಬರಬೇಕು ಎಂಬುದು ನನ್ನ ಆಸೆ. ಪ್ರತಿ ಲೋಕಸಭಾ ಚುನಾವಣೆ ಆದಮೇಲೆ ನಮ್ಮ ದುಡ್ಡಿನಲ್ಲಿ ನಡೆಯುವ ಉಪಚುನಾವಣೆಗಳಾದರೂ ಕಡಿಮೆಯಾದಾವು.

ಪ್ರಧಾನಿ ಯಾಕೆ ಆಗಲಿಲ್ಲ? ಅವರು ರಾಷ್ಟ್ರೀಯ ನಾಯಕರಾಗಿದ್ದ ಕಾಲದಲ್ಲಿ ಅವರ ಪಕ್ಷ ಸಂಸತ್ತಿನಲ್ಲಿ 22 ಸ್ಥಾನದ ಮೇಲೆ ಹೋಗಲೇ ಇಲ್ಲ. ಅದು ಸರಳ ಉತ್ತರ. ಆದರೆ ದೊಡ್ಡ ಪಕ್ಷದ ಮುಖ್ಯಮಂತ್ರಿಗಳಿಗೂ ಅಲ್ಲಿ ಆ ಬಾಗಿಲು ತೆರೆಯುವುದಿಲ್ಲ. ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದು ಆಮೇಲೆ ಪ್ರಧಾನಿಯಾದವರು ಕೆನಡಾದ ಚರಿತ್ರೆಯಲ್ಲಿ ಇಬ್ಬರೇ, ಜಾನ್ ಥಾಂಪ್ಸನ್ ಮತ್ತು ಚಾರ್ಲ್ಸ್ ಟಪ್ಪರ್. ಇಬ್ಬರೂ ನೋವಾ ಸ್ಕೋಶಿಯಾದವರು. ಟಪ್ಪರ್ ಪ್ರಧಾನಿಯಾಗಿದ್ದು 1896ರಲ್ಲಿ, ಎರಡು ತಿಂಗಳ ಮೇಲೆ ಕೆಲವೇ ದಿನ. ಅಲ್ಲಿಂದೀಚೆಗೆ ಒಬ್ಬರೂ ಇಲ್ಲ. ಅದೇ ಪ್ರಾಂತ್ಯದ ರಾಬರ್ಟ್ ಸ್ಟ್ಯಾನ್‌ಫೀಲ್ಡ್ ಜನಪ್ರಿಯ ಮುಖ್ಯಮಂತ್ರಿ. ಕನ್ಸರ್ವೇಟಿವ್ ನಾಯಕರಾಗಿ ಮೂರು ಸಲ ಸೋತರು. 1972ರಲ್ಲಿ ಅವರಿಗೆ 107 ಸ್ಥಾನ, ಟ್ರುಡೊಗೆ 109. ನಮ್ಮಲ್ಲಿ ಮೊರಾರ್ಜಿ ದೇಸಾಯಿ, ಪಿ.ವಿ. ನರಸಿಂಹರಾವ್, ನರೇಂದ್ರ ಮೋದಿ ಎಲ್ಲ ಮುಖ್ಯಮಂತ್ರಿಯಾಗಿದ್ದವರೇ. ನಮ್ಮ ದೇವೇಗೌಡರು 1996ರಲ್ಲಿ ವಿಧಾನಸೌಧದಿಂದ ನೇರವಾಗಿ ಪ್ರಧಾನಿ ಹುದ್ದೆಗೇ ಹೋದರು.

ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಪಕ್ಷಗಳ ಕಟ್ಟು ಎಂದು ನನಗನ್ನಿಸುತ್ತದೆ. ಕೆನಡಾದಲ್ಲಿ ಕೇಂದ್ರದ ಪಕ್ಷ ಬೇರೆ, ಪ್ರಾಂತ್ಯದ ಪಕ್ಷ ಬೇರೆ. ಹೆಸರು ಒಂದೇ ಇದ್ದರೂ ಹಲವು ಕಡೆ ಸಂಬಂಧವೇ ಇರುವುದಿಲ್ಲ. ಎನ್‌ಡಿಪಿ ಮಾತ್ರ ಮೊದಲಿನಿಂದ ಎರಡೂ ಮಟ್ಟವನ್ನು ಜೋಡಿಸಿಕೊಂಡು ಬಂದ ಪಕ್ಷ. ಅದಕ್ಕೇ ಆ ಕಡೆ ಈ ಕಡೆ ಓಡಾಡಿದವರು ಅದರಲ್ಲಿ ಎದ್ದು ಕಾಣುತ್ತಾರೆ. ಬಾಬ್ ರೇ 1978ರಲ್ಲಿ ಎಂಪಿ, 1990ರಲ್ಲಿ ಒಂಟಾರಿಯೊದ ಮುಖ್ಯಮಂತ್ರಿ. ಆಮೇಲೆ ಪಕ್ಷ ಬದಲಿಸಿ 2008ರಲ್ಲಿ ಲಿಬರಲ್ ಎಂಪಿ. ಪಂಜಾಬಿನಲ್ಲಿ ಹುಟ್ಟಿದ ಉಜ್ಜಲ್ ದೊಸಾಂಜ್ 2000ದಲ್ಲಿ ಬ್ರಿಟಿಷ್ ಕೊಲಂಬಿಯಾದ ಮುಖ್ಯಮಂತ್ರಿಯಾದರು. ಅವರೂ ಪಕ್ಷ ಬದಲಿಸಿ 2004ರಲ್ಲಿ ಎಂಪಿಯಾಗಿ, ಕೇಂದ್ರದ ಆರೋಗ್ಯ ಮಂತ್ರಿಯಾದರು. ಶಿರಾ ತಾಲ್ಲೂಕಿನಿಂದ ಹೋಗಿ, 2022ರಲ್ಲಿ ಒಟ್ಟಾವಾದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ ಚಂದ್ರ ಆರ್ಯ ಅವರನ್ನು ನೀವು ವಿಡಿಯೋದಲ್ಲಿ ನೋಡಿರಬಹುದು. ಅವರು ಇದ್ದದ್ದು ಸಂಸತ್ತಿನಲ್ಲಿ ಮಾತ್ರ.

ಕೊನೆಯದು ಮಗಳ ವಿಷಯ. ಆರೋಗ್ಯ ಕಾರ್ಡ್, ಆಸ್ಪತ್ರೆಯಲ್ಲಿ ಸರದಿ ತಡವಾಗುವುದು, ಮಗುವಿನ ಶಾಲೆ, ಹೆದ್ದಾರಿ, ಇದಕ್ಕೆಲ್ಲ ಪ್ರಾಂತ್ಯದ ಶಾಸಕರ ಕಚೇರಿ. ವೀಸಾ, ಕಾಯಂ ನೆಲೆಯ ಅರ್ಜಿ, ಪೌರತ್ವ, ಕೆನಡಾದ ಪಾಸ್‌ಪೋರ್ಟ್, ಕೇಂದ್ರದ ತೆರಿಗೆ, ಇದಕ್ಕೆ ಎಂಪಿಯ ಕಚೇರಿ. ಮತ ಹಾಕಲು ಪೌರತ್ವ ಬೇಕು. ಸಹಾಯ ಕೇಳಲು ಬೇಡ. ಆ ಕ್ಷೇತ್ರದಲ್ಲಿ ವಾಸವಿದ್ದರೆ ಸಾಕು. ಮುಂದಿನ ಸಲ ನೀವು ಹೋಗುವಾಗ ವೀಸಾ ತಡವಾದರೆ ಮಗಳು ಫೋನ್ ಮಾಡಬೇಕಾದದ್ದು ಎಂಪಿಯ ಕಚೇರಿಗೆ. ಹಾಗೆಯೇ, ಹೊರಡುವ ಮೊದಲು ನಿಮ್ಮಿಬ್ಬರಿಗೂ ಪ್ರಯಾಣದ ವೈದ್ಯಕೀಯ ವಿಮೆ ಮಾಡಿಸಿಕೊಳ್ಳಿ. ಪ್ರಾಂತ್ಯದ ಉಚಿತ ಚಿಕಿತ್ಸೆ ಅಲ್ಲಿ ನೆಲೆಸಿದವರಿಗೆ. ಸಂದರ್ಶಕರಾಗಿ ಹೋದ ಅಜ್ಜ ಅಜ್ಜಿಗೆ ಅದು ಸಿಗುವುದಿಲ್ಲ. ಅವರಿಗೆ ಬಿಲ್ಲು ಬಂದೇ ಬರುತ್ತದೆ, ಅದೂ ಜಾಸ್ತಿಯೇ ಇರುತ್ತದೆ.